ಆಗಸ್ಟ್ 9ರ ಮಸೂದೆ

ಡ್ಯೂಟಿ ಮುಗಿಸಿ ರೂಮಿಗೆ ಬಂದ ಮೇಲೆ ಊರಿನ ರಾಜಕೀಯವೇ ನಮ್ಮ ಮಾತು. ಯಾವುದಾದರೂ ನಾಯಕರ ಮೇಲೆ ಕೋರ್ಟ್ ತೀರ್ಪು ಬಂದರೆ ಒಬ್ಬರು ‘ನ್ಯಾಯ ಗೆದ್ದಿತು’ ಎನ್ನುತ್ತಾರೆ, ಇನ್ನೊಬ್ಬರು ‘ಇದು ಷಡ್ಯಂತ್ರ’ ಎನ್ನುತ್ತಾರೆ. 1975ರಲ್ಲಿ ಇಡೀ ದೇಶವೇ ಹೀಗೆ ಎರಡು ಪಾಲಾಗಿತ್ತು.

ಆ ವರ್ಷ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ರಾಜ್ ನಾರಾಯಣ್ ಹೂಡಿದ್ದ ಕೇಸಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ರಾಯಬರೇಲಿ ಆಯ್ಕೆಯನ್ನು ರದ್ದು ಮಾಡಿದರು. ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ಸಾಬೀತಾದದ್ದು ಲಂಚವಲ್ಲ. ವೇದಿಕೆ ಕಟ್ಟಲು, ಧ್ವನಿವರ್ಧಕಕ್ಕೆ ಕರೆಂಟ್ ಕೊಡಿಸಲು ಸರ್ಕಾರಿ ಅಧಿಕಾರಿಗಳನ್ನು ಬಳಸಿದ್ದು, ಇನ್ನೂ ಸರ್ಕಾರಿ ಸೇವೆಯಲ್ಲಿದ್ದ ಯಶಪಾಲ್ ಕಪೂರ್ ಅವರಿಂದ ಚುನಾವಣೆ ಕೆಲಸ ಮಾಡಿಸಿದ್ದು. ಇಷ್ಟಕ್ಕೇ ಪ್ರಧಾನಿ ಪದವಿ ಹೋಗಬೇಕೇ ಎಂದು ಅಭಿಮಾನಿಗಳು ಕೇಳಿದ್ದು ಪೂರ್ತಿ ತಪ್ಪೇನಲ್ಲ. ಪ್ರಧಾನಿ ಮನೆ ಮುಂದೆ ದಿನವೂ ಜನ ಸೇರಿ ಜೈಕಾರ ಹಾಕಿದರು. (ಅವರನ್ನು ಕರೆತರಲು ಸರ್ಕಾರಿ ಬಸ್ಸುಗಳನ್ನೇ ಬಳಸಿದ್ದು ಆಮೇಲೆ ಶಾ ಆಯೋಗದ ಮುಂದೆ ಬಂತು.) ವಿರೋಧ ಪಕ್ಷಗಳು ರಾಜೀನಾಮೆಗೆ ಪಟ್ಟು ಹಿಡಿದವು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮರುದಿನ ವಾಜಪೇಯಿ, ಅಡ್ವಾಣಿಯವರನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದರು.

ಇದೆಲ್ಲ ಬಹಳ ಜನರಿಗೆ ಗೊತ್ತು. ಆಗಸ್ಟ್‌ನಲ್ಲಿ ನಡೆದದ್ದನ್ನು ಮಾತ್ರ ನಾವು ಮರೆತಿದ್ದೇವೆ. ಇಂದಿರಾ ಅವರ ಮೇಲ್ಮನವಿ 11ರಂದು ಸುಪ್ರೀಂ ಕೋರ್ಟಿಗೆ ಬರಬೇಕಿತ್ತು. ಅಷ್ಟರೊಳಗೆ 39ನೇ ತಿದ್ದುಪಡಿ ಬಂತು: 7ರಂದು ಲೋಕಸಭೆ, 8ರಂದು ರಾಜ್ಯಸಭೆ, 10ರಂದು ರಾಷ್ಟ್ರಪತಿಗಳ ಅಂಕಿತ. ಪ್ರಧಾನಿಯ ಆಯ್ಕೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದಾಯಿತು. ನಡುವೆ 9ರಂದು ರಾಜ್ಯಸಭೆ ಇನ್ನೊಂದು ಮಸೂದೆಯನ್ನು ಪಾಸ್ ಮಾಡಿತು. ರಾಷ್ಟ್ರಪತಿ, ರಾಜ್ಯಪಾಲರಿಗೆ ಹುದ್ದೆಯಲ್ಲಿರುವಷ್ಟು ಕಾಲ ಕ್ರಿಮಿನಲ್ ಕೇಸಿನಿಂದ ರಕ್ಷಣೆ 361ನೇ ವಿಧಿಯಲ್ಲಿ ಮೊದಲಿನಿಂದಲೂ ಇದೆ. ಈ ಮಸೂದೆ ಪ್ರಧಾನಿಯನ್ನೂ ಸೇರಿಸಿಕೊಂಡು, ಹುದ್ದೆಗೆ ಬರುವ ಮೊದಲು ಮಾಡಿದ್ದಕ್ಕೂ, ಹುದ್ದೆಯಲ್ಲಿದ್ದಾಗ ಮಾಡಿದ್ದಕ್ಕೂ ಎಂದೆಂದಿಗೂ ಕೇಸೇ ಇಲ್ಲ ಎಂದಿತು. ಒಂದು ದಿನ ಕುರ್ಚಿಯಲ್ಲಿ ಕೂತಿದ್ದರೂ ಸಾಕಿತ್ತು! ಯಾಕೋ ಲೋಕಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ, ಅದು ಅಲ್ಲಿಗೇ ಬಿದ್ದುಹೋಯಿತು.

ನವೆಂಬರ್ 7ರಂದು ಸುಪ್ರೀಂ ಕೋರ್ಟ್ 39ನೇ ತಿದ್ದುಪಡಿಯ ಆ ಭಾಗವನ್ನು ರದ್ದು ಮಾಡಿತು. ಚುನಾವಣಾ ಕಾನೂನನ್ನೇ ಹಿಂದಿನ ದಿನಾಂಕದಿಂದ ಬದಲಿಸಿಬಿಟ್ಟಿದ್ದರಿಂದ ಇಂದಿರಾ ಅವರ ಆಯ್ಕೆ ಮಾತ್ರ ಉಳಿಯಿತು. ಇದನ್ನು ಕೋರ್ಟಿನ ಸೋಲು ಎನ್ನುವವರಿದ್ದಾರೆ. ಅಂಥ ಕಾಲದಲ್ಲಿ ಕೋರ್ಟಿನ ಬಾಗಿಲು ಮುಚ್ಚದೆ ಉಳಿದದ್ದೇ ದೊಡ್ಡದೆಂದು ನಮ್ಮ ಅಭಿಪ್ರಾಯ. 1977ರ ಚುನಾವಣೆಯಲ್ಲಿ ರಾಯಬರೇಲಿಯ ಮತದಾರರು ಅದೇ ರಾಜ್ ನಾರಾಯಣ್ ಅವರನ್ನು ಗೆಲ್ಲಿಸಿದರು. ಅಕ್ಟೋಬರ್ 3ರಂದು ಜನತಾ ಸರ್ಕಾರ ಇಂದಿರಾ ಅವರನ್ನು ಬಂಧಿಸಿತು. ಮರುದಿನವೇ ಸಾಕ್ಷ್ಯ ಸಾಲದೆಂದು ಬಿಟ್ಟವರು ದೆಹಲಿಯ ಒಬ್ಬ ಮ್ಯಾಜಿಸ್ಟ್ರೇಟ್. ಮರುವರ್ಷ ನಮ್ಮ ಚಿಕ್ಕಮಗಳೂರಿನವರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ, ಇಂದಿರಾ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿದರು.