ಮಾನಿಟರ್ ಪುರಾಣ: ಅಜ್ಜಿಯ ಫೋಟೋದಿಂದ ಬ್ರೌನ್ ಮೇಷ್ಟ್ರವರೆಗೆ

ಹೋದ ವರ್ಷ ನಮ್ಮಜ್ಜಿ ತೀರಿಕೊಂಡರು. ಅಮ್ಮನ ಅಮ್ಮ. ಇಲ್ಲಿ ರಜೆ ಸಿಕ್ಕಿ, ಟಿಕೆಟ್ ಸಿಕ್ಕಿ, ನಾನು ಹಾಸನ ತಲುಪೋ ಹೊತ್ತಿಗೆ ಎಲ್ಲ ಮುಗಿದಿತ್ತು. ಹನ್ನೊಂದನೇ ದಿನದ ಕಾರ್ಯಕ್ಕಾದರೂ ಇದ್ದೆ ಅನ್ನೋದೊಂದೇ ಸಮಾಧಾನ. ವಾಪಸ್ ಹೊರಡುವಾಗ ಅಮ್ಮ ಹೇಳಿದ್ದು ಒಂದೇ ಕೆಲಸ. "ಹಿತ್ತಲ ಮೆಟ್ಟಿಲ ಮೇಲೆ ಕೂತಿರೋ ಫೋಟೋ ತೆಗೆದಿದ್ದೆಯಲ್ಲ, ಅದನ್ನ ಸರಿ ಮಾಡಿ ಕಳಿಸು. ದೊಡ್ಡದಾಗಿ ಹಾಕಿಸ್ತೀವಿ."

ಎರಡು ರಾತ್ರಿ ಕೂತು ಮಾಡಿದೆ. ಮುಖ ಸ್ವಲ್ಪ ಕಪ್ಪಾಗಿದೆ ಅನ್ನಿಸಿ ಬೆಳಕು ಏರಿಸಿದೆ, ಸೀರೆಯ ಬಣ್ಣ ತಿದ್ದಿದೆ, ಕಳಿಸಿದೆ. ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದ್ದೂ ಆಯ್ತು. ಅಮ್ಮ ಫೋನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮುಖಕ್ಕೆ ಪೌಡರ್ ಮೆತ್ತಿದ ಹಾಗಿದೆ ಕಣೋ. ನಮ್ಮಮ್ಮನ ಥರ ಇಲ್ಲ."

ಮೊದಲು ಸ್ಟುಡಿಯೋದವರನ್ನೇ ಬೈದುಕೊಂಡೆ. ಆಮೇಲೆ ಅದೇ ಫೈಲನ್ನ ಆಫೀಸಿನ ಲ್ಯಾಪ್‌ಟಾಪಲ್ಲಿ ತೆರೆದು ನೋಡಿದರೆ... ಪೌಡರ್ರೇ! ತಪ್ಪು ನನ್ನ ಮೇಜಿನ ಮೇಲಿತ್ತು. ಆಟ ಆಡೋಕೆ ಅಂತ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ 24 ಇಂಚಿನ, 144 ಹರ್ಟ್ಸ್ ಮಾನಿಟರ್. ಟಿಎನ್ ಪ್ಯಾನೆಲ್. ಅದರ ಗುಣ ಏನಂದ್ರೆ ನೇರ ಕೂತು ನೋಡಿದರೂ ಪರದೆಯ ಮೇಲ್ಭಾಗ ಸ್ವಲ್ಪ ಕಪ್ಪಾಗಿ, ಕೆಳಭಾಗ ಬಿಳಿಚಿಕೊಂಡು ಕಾಣತ್ತೆ. ಉದ್ದ ಫೋಟೋದಲ್ಲಿ ಮುಖ ಇರೋದೇ ಮೇಲೆ ತಾನೇ? ಇಲ್ಲದ ಕತ್ತಲನ್ನ ನಾನು ಬೆಳಗಿಸಿದ್ದೆ.

ಸರಿ, ಹೊಸ ಮಾನಿಟರ್ ತಗೊಳ್ಳೋಣ ಅಂತ ಹೊರಟೆ. ಆಟಕ್ಕೂ ಆಗಬೇಕು, ಫೋಟೋಗೂ ಆಗಬೇಕು. ಆಫೀಸಿನ ಗೆಳೆಯನನ್ನ ಕೇಳಿದರೆ, "ಎರಡೂ ಬೇಕಂದ್ರೆ ಎರಡು ತಗೋ" ಅಂತ ನಕ್ಕ. ಯಾಕೆ? ಚಿಕ್ಕವನಿದ್ದಾಗ ಊರಿನ ಸೈಬರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ರೋಡ್ ರ‍್ಯಾಶ್ ಆಡಿದ್ದೂ ಡಬ್ಬಾ ಮಾನಿಟರ್ ಮೇಲೆ, ಪಕ್ಕದ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡ್ತಿದ್ದದ್ದೂ ಅಂಥದ್ದೇ ಡಬ್ಬಾ ಮಾನಿಟರ್ ಮೇಲೆ. ಆಗ ಯಾರೂ ಆಟಕ್ಕೊಂದು, ಫೋಟೋಗೊಂದು ಅಂತ ಬೇರೆ ಮಾಡಿರಲಿಲ್ಲವಲ್ಲ? ಇದನ್ನ ಕೆದಕುತ್ತಾ ಹೋದಾಗ ಗೊತ್ತಾಗಿದ್ದು, ಈ ಕಥೆಯ ಅರ್ಧ ಭಾಗ ನಾನಿರೋ ಊರಲ್ಲೇ ನಡೆದಿದೆ ಅಂತ.

ನಾನಿರೋದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. ಇಲ್ಲಿನ ತಾಂತ್ರಿಕ ಕಾಲೇಜಿನಲ್ಲಿ 1885ರವರೆಗೆ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದವರು ಫರ್ಡಿನಾಂಡ್ ಬ್ರೌನ್. ಅವರು ಹೋದ ಮೇಲೆ ಅದೇ ಜಾಗಕ್ಕೆ ಬಂದವರು ಹೈನ್ರಿಷ್ ಹರ್ಟ್ಸ್. ಹರ್ಟ್ಸ್ ಹೋದ ಮೇಲೆ, 1889ರಲ್ಲಿ, ಓಟ್ಟೊ ಲೇಹ್ಮನ್. ಸ್ವಲ್ಪ ನಿಂತು ನೋಡಿ. ಬ್ರೌನ್ ಮುಂದೆ ಸಿಆರ್‌ಟಿ ಕೊಳವೆ ಮಾಡಿದರು. ಹರ್ಟ್ಸ್ ಈ ಊರಲ್ಲೇ ರೇಡಿಯೋ ಅಲೆಗಳನ್ನ ತೋರಿಸಿಕೊಟ್ಟರು. ನಮ್ಮ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸತ್ತೆ ಅನ್ನೋ ಲೆಕ್ಕಕ್ಕೆ ಇರೋದು ಅವರ ಹೆಸರೇ. ಲೇಹ್ಮನ್ ದ್ರವ ಹರಳುಗಳ ಹಿಂದೆ ಬಿದ್ದರು, ಅಂದ್ರೆ ಎಲ್‌ಸಿಡಿಯ ಮೊದಲ ಎರಡಕ್ಷರ. ಒಂದೇ ಕುರ್ಚಿ, ಮೂರು ಮೇಷ್ಟ್ರು! ನಾನು ದಿನಾ ಆ ಕ್ಯಾಂಪಸ್ ದಾಟಿಕೊಂಡೇ ಓಡಾಡೋದು, ಗೊತ್ತೇ ಇರಲಿಲ್ಲ.

ಬ್ರೌನ್ ಕೊಳವೆ ಮಾಡಿದ್ದು 1897ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ. ಈಗ ಅದು ಫ್ರಾನ್ಸ್, ಆಗ ಜರ್ಮನಿ. ಅವರಿಗೆ ಟಿವಿಯ ಯೋಚನೆ ಇರಲಿಲ್ಲ, ವಿದ್ಯುತ್ತು ಏರಿಳಿಯೋದನ್ನ ಕಣ್ಣಾರೆ ನೋಡಬೇಕಿತ್ತು ಅಷ್ಟೇ. ಎಲೆಕ್ಟ್ರಾನುಗಳ ಎಳೆ ಗಾಜಿನ ಮೇಲಿನ ಲೇಪಕ್ಕೆ ಬಡಿದ ಜಾಗದಲ್ಲಿ ಬೆಳಕಿನ ಚುಕ್ಕಿ. ಅವರಿಗೆ 1909ರಲ್ಲಿ ನೊಬೆಲ್ ಬಂದದ್ದು ಈ ಕೊಳವೆಗಲ್ಲ, ಮಾರ್ಕೋನಿ ಜೊತೆ ನಿಸ್ತಂತು ಕೆಲಸಕ್ಕೆ. ಕೊಳವೆ ಮಾತ್ರ ಸುಮಾರು ನೂರು ವರ್ಷ ಪ್ರಪಂಚ ಆಳಿತು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಟೆನಿಸ್ ಆಟ ಮಾಡಿದ್ದು ಇದೇ ಕೊಳವೆ ಇರೋ ಆಸಿಲೋಸ್ಕೋಪ್ ಮೇಲೆ. 1990ರಲ್ಲಿ ಫೋಟೋಶಾಪ್‌ನ ಮೊದಲ ಆವೃತ್ತಿ ಬಂದಾಗಲೂ ಮೇಜಿನ ಮೇಲಿದ್ದದ್ದು ಅದೇ ಕೊಳವೆ.

ಆಟಕ್ಕೆ ಅದು ಯಾಕೆ ಒಪ್ಪುತ್ತಿತ್ತು? ಚುಕ್ಕಿ ಹೊತ್ತಿಕೊಂಡು ಕ್ಷಣದಲ್ಲೇ ಆರಿಹೋಗತ್ತೆ. ಹಾಗಾಗಿ ಓಡೋ ಗಾಡಿ ಓಡಿದ ಹಾಗೇ ಕಾಣತ್ತೆ, ಬಾಲ ಇಲ್ಲ. ಫೋಟೋಗೆ ಯಾಕೆ? ಯಾವ ಮೂಲೆಯಿಂದ ನೋಡಿದರೂ ಬಣ್ಣ ಅದೇ. ಅಷ್ಟೇ ಅಲ್ಲ, ಇಂಟರ್ನೆಟ್ಟಿನ ಬಹುಪಾಲು ಫೋಟೋಗಳು ಪಾಲಿಸೋ ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಕಟ್ಟಳೆಯನ್ನ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದೇ ಆಗಿನ ಸಾಮಾನ್ಯ ಸಿಆರ್‌ಟಿ ತೋರಿಸೋ ಬಣ್ಣಗಳನ್ನ ಆಧಾರ ಮಾಡಿಕೊಂಡು. ಡಬ್ಬಾ ಮಾನಿಟರ್ ಗುಜರಿಗೆ ಹೋಯ್ತು, ಅದರ ಕಣ್ಣು ಮಾತ್ರ ಉಳಿದಿದೆ!

ಕಷ್ಟ ಇದ್ದದ್ದು ತೂಕದಲ್ಲಿ. ಸೋನಿಯ ಹೆಸರಾಂತ 24 ಇಂಚಿನ ಸಿಆರ್‌ಟಿ, ಜಿಡಿಎಂ-ಎಫ್‌ಡಬ್ಲ್ಯೂ900, 40 ಕೆಜಿಗೂ ಹೆಚ್ಚು. ಅಂದ್ರೆ ಒಂದು ಸಣ್ಣ ಅಕ್ಕಿ ಮೂಟೆ.

ಇನ್ನು ಲೇಹ್ಮನ್ ಮೇಷ್ಟ್ರ ಕಡೆ ಬರೋಣ. 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಷ್ ರೈನಿಟ್ಸರ್‌ಗೆ ಒಂದು ವಿಚಿತ್ರ ಕಂಡಿತು. ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತ ಎರಡು ಸಲ ಕರಗುತ್ತಿತ್ತು. 145.5 ಡಿಗ್ರಿಗೆ ಮಬ್ಬು ದ್ರವ, 178.5 ಡಿಗ್ರಿಗೆ ತಿಳಿ ದ್ರವ. ಇದೇನು ಅಂತ ಕಾಗದ ಬರೆದು ಲೇಹ್ಮನ್‌ರನ್ನ ಕೇಳಿದರು. ಲೇಹ್ಮನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಹರಿಯೋ ಹರಳು ಅಂದರು. ತುಂಬಾ ಜನ ನಂಬಲಿಲ್ಲ. ಪಕ್ಕದ ಡಾರ್ಮ್‌ಸ್ಟಾಟ್‌ನ ಮೆರ್ಕ್ ಕಂಪನಿ ಮಾತ್ರ 1904ರಲ್ಲೇ ಇಂಥ ಹರಳುಗಳನ್ನ ಮಾರೋಕೆ ಶುರು ಮಾಡಿತ್ತು.

ಆ ಹರಳಿಗೆ ಕೆಲಸ ಸಿಕ್ಕಿದ್ದು ಎಂಬತ್ತು ವರ್ಷ ಆದಮೇಲೆ. ಇದೇ ರೈನ್ ನದಿಗುಂಟ ದಕ್ಷಿಣಕ್ಕೆ ಹೋದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಸಿಗತ್ತೆ. ಅಲ್ಲಿ 1970ರಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಷ್ ಅನ್ನೋರು ಎರಡು ಗಾಜುಗಳ ನಡುವೆ ಹರಳಿನ ಅಣುಗಳನ್ನ ಸುರುಳಿ ಮೆಟ್ಟಿಲಿನ ಹಾಗೆ ತಿರುಚಿ ನಿಲ್ಲಿಸಿದರು. ಕರೆಂಟು ಕೊಟ್ಟರೆ ಅಣುಗಳು ಎದ್ದು ನಿಲ್ಲತ್ತವೆ, ಬೆಳಕು ತಡೆಯತ್ತೆ. ಇದೇ ಟಿಎನ್. ವಾಚು, ಕ್ಯಾಲ್ಕುಲೇಟರಿಗೆ ಹೇಳಿ ಮಾಡಿಸಿದ್ದು. ಆದರೆ ಅರ್ಧ ಬೆಳಕು ಬೇಕಾದಾಗ ಅಣುಗಳು ಅರ್ಧ ವಾಲಬೇಕು. ಗಾಳಿಗೆ ವಾಲಿದ ಭತ್ತದ ಪೈರನ್ನ ನೋಡಿದ್ದೀರಲ್ಲ? ಈ ಬದುವಿನಿಂದ ಒಂದು ಹಸಿರು, ಆ ಬದುವಿನಿಂದ ಇನ್ನೊಂದು ಹಸಿರು. ನಮ್ಮಜ್ಜಿ ಮುಖಕ್ಕೆ ಆಗಿದ್ದು ಅದೇ.

ಇದಕ್ಕೆ ಪರಿಹಾರವೂ ಇದೇ ನದಿ ಕಣಿವೆಯ ಫ್ರೈಬರ್ಗ್‌ನಿಂದ ಬಂತು. ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯ ಗ್ಯುಂಟರ್ ಬೌರ್ ಮತ್ತು ಸಂಗಡಿಗರು 1990ರಲ್ಲಿ ಪೇಟೆಂಟ್ ಹಾಕಿದರು. ಅಣುಗಳು ಏಳೋದೇ ಬೇಡ, ಮಲಗಿದಲ್ಲೇ ಗಡಿಯಾರದ ಮುಳ್ಳಿನ ಹಾಗೆ ತಿರುಗಲಿ ಅನ್ನೋ ಉಪಾಯ. ಇದೇ ಐಪಿಎಸ್. 1996ರ ಹೊತ್ತಿಗೆ ಜಪಾನಿನ ಹಿಟಾಚಿ ಇದನ್ನ ಮಾರುಕಟ್ಟೆಗೆ ತಂತು. ಬಣ್ಣ ಚೆನ್ನ, ಆದರೆ ದುಬಾರಿ, ಮೇಲಾಗಿ ನಿಧಾನ.

ಇಲ್ಲೇ ನೋಡಿ ದಾರಿ ಕವಲಾಗಿದ್ದು. 2000ರ ದಶಕದಲ್ಲಿ ಡಬ್ಬಾಗಳೆಲ್ಲ ಹೋಗಿ ಚಪ್ಪಟೆ ಪರದೆ ಬಂದಾಗ, ಒಂದೇ ಕೊಳವೆ ಕೊಡ್ತಿದ್ದ ಎರಡು ವರ ಎರಡು ಮನೆಗೆ ಹಂಚಿಹೋದವು. ವೇಗ ಟಿಎನ್‌ಗೆ, ಬಣ್ಣ ಐಪಿಎಸ್‌ಗೆ. ಅಗ್ಗದ ಟಿಎನ್‌ಗಳಲ್ಲಿ ಒಂದೊಂದು ಮೂಲವರ್ಣಕ್ಕೆ 64 ಮೆಟ್ಟಿಲು ಮಾತ್ರ, ಒಟ್ಟು 2,62,144 ಬಣ್ಣ. 256 ಮೆಟ್ಟಿಲಿದ್ದರೆ 1.67 ಕೋಟಿ ಆಗತ್ತೆ. ಮಿಕ್ಕಿದ್ದನ್ನ ಪಕ್ಕಪಕ್ಕದ ಚುಕ್ಕಿ ಕುಣಿಸಿ ಕಣ್ಣಿಗೆ ಮಂಕುಬೂದಿ ಎರಚೋದು. ವಿಎ ಅನ್ನೋ ಮೂರನೇ ಜಾತಿಯೂ 1990ರ ದಶಕದಲ್ಲೇ ಬಂತು. ಅದರಲ್ಲಿ ಕಪ್ಪು ಸೊಗಸು, ಆದರೆ ಕತ್ತಲ ದೃಶ್ಯ ಓಡಿದರೆ ಬಾಲ ಎಳೆಯತ್ತೆ.

ಈ ಕಥೆಯಲ್ಲಿ ನನಗೆ ರೋಮಾಂಚನ ಆದ ಜಾಗ ಮಾತ್ರ ಬೆಂಗಳೂರು. ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಬಿಎಂಟಿಸಿ ಬಸ್ಸಲ್ಲಿ ನೇತಾಡಿಕೊಂಡು ಎರಡು ವರ್ಷ ಓಡಾಡಿದವನು ನಾನು. ಅಲ್ಲಿ ದ್ರವ ಹರಳುಗಳ ಪ್ರಯೋಗಾಲಯ ಕಟ್ಟಿದವರು ಎಸ್. ಚಂದ್ರಶೇಖರ್. ಸಿ.ವಿ. ರಾಮನ್ ಅವರ ಸೋದರಳಿಯ. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಅಲ್ಲಿಯವರೆಗೆ ದ್ರವ ಹರಳಾಗಬೇಕಾದರೆ ಅಣು ಕಡ್ಡಿಯ ಹಾಗೆ ಉದ್ದ ಇರಬೇಕು ಅನ್ನೋ ನಂಬಿಕೆ ಇತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯ ಹಾಗೆ ಚಪ್ಪಟೆ ಇರೋ ಅಣುಗಳೂ ದ್ರವ ಹರಳಾಗತ್ತವೆ ಅಂತ ತೋರಿಸಿದರು. ಲೇಖನ ಅಚ್ಚಾಗಿದ್ದು ನಮ್ಮದೇ 'ಪ್ರಮಾಣ' ಪತ್ರಿಕೆಯಲ್ಲಿ.

ಬಿಲ್ಲೆ ಅಣುವಿಗೂ ಮಾನಿಟರಿಗೂ ಏನು ಸಂಬಂಧ? 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ ಅದೇ ಜಾತಿಯ ಅಣುಗಳನ್ನ (ಬೆಂಗಳೂರಿನ ಸಂಯುಕ್ತವನ್ನೇ ಅಲ್ಲ) ತೆಳು ಹಾಳೆಯ ಮೇಲೆ ಓರೆಯಾಗಿ ಜೋಡಿಸಿ ಟಿಎನ್ ಪರದೆಗೆ ಅಂಟಿಸಿತು. ಗಾಡಿ ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಭಾರ ಇಡ್ತೀವಲ್ಲ, ಹಾಗೆ. ಎಡ-ಬಲದಿಂದ ನೋಡಿದಾಗ ಬಣ್ಣ ಕೆಡೋದು ಎಷ್ಟೋ ಕಮ್ಮಿಯಾಯ್ತು. ಮೇಲೆ-ಕೆಳಗಿನ ಸಮಸ್ಯೆ ಮಾತ್ರ ಪೂರ್ತಿ ಹೋಗಲಿಲ್ಲ. ಪ್ರಪಂಚದ ಮೇಜುಗಳ ಮೇಲೆ ಟಿಎನ್ ಅಷ್ಟು ವರ್ಷ ಬಾಳಿದ್ದರಲ್ಲಿ ಬೆಂಗಳೂರಿನ ಬಿಲ್ಲೆಗೂ ಒಂದು ಪಾಲಿದೆ!

ಕವಲುಗಳು ಮತ್ತೆ ಸೇರೋಕೆ ಬಹಳ ಕಾಲ ಹಿಡಿಯಿತು. 2009ರಲ್ಲಿ 120 ಹರ್ಟ್ಸ್ ಎಲ್‌ಸಿಡಿಗಳು ಬಂದವು, ಟಿಎನ್‌ನಲ್ಲಿ. ಎಲ್‌ಸಿಡಿ ಒಂದು ಚಿತ್ರವನ್ನ ಮುಂದಿನದು ಬರೋವರೆಗೂ ಹಿಡಿದೇ ಇರತ್ತೆ: 60 ಹರ್ಟ್ಸ್‌ನಲ್ಲಿ 16.7 ಮಿಲಿಸೆಕೆಂಡ್, 144ರಲ್ಲಿ ಸುಮಾರು 7. ಹಿಡಿದಷ್ಟೂ ಓಡೋ ಕಣ್ಣಿಗೆ ಮಸುಕು. ಹರ್ಟ್ಸ್ ಏರಿಸೋ ಪೈಪೋಟಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ. 2015ರಲ್ಲಿ ಏಸರ್‌ನ ಪ್ರಿಡೇಟರ್ ಎಕ್ಸ್‌ಬಿ270ಎಚ್‌ಯು ಬಂತು, ಐಪಿಎಸ್ ಜಾತಿಯ ಪ್ಯಾನೆಲ್, 144 ಹರ್ಟ್ಸ್. ಬಣ್ಣ, ವೇಗ ಎರಡೂ ಮತ್ತೆ ಒಂದೇ ಸೂರಿನಡಿ.

2022ರಿಂದ ಓಎಲ್‌ಇಡಿ ಮಾನಿಟರ್‌ಗಳ ಕಾಲ. ಅದರ ಬೀಜ ಬಿತ್ತಿದ್ದು 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್. ಫೋಟೋ ರೀಲಿನ ಕೊಡಾಕ್! ಆ ವಿಭಾಗವನ್ನ ಅವರು 2009ರಲ್ಲಿ ಎಲ್‌ಜಿಗೆ ಮಾರಿದರು, 2012ರಲ್ಲಿ ದಿವಾಳಿ ಅರ್ಜಿ ಹಾಕಿದರು. ಓಎಲ್‌ಇಡಿಯಲ್ಲಿ ಚುಕ್ಕಿ ತಾನೇ ಬೆಳಗಿ ತಾನೇ ಆರತ್ತೆ, ಬ್ರೌನ್ ಕೊಳವೆಯ ಹಾಗೆ. ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಅಚ್ಚು ಬೀಳೋ ರೋಗವೂ ಕೊಳವೆಯದ್ದೇ.

ಕಡೆಗೆ ನಾನು ತಗೊಂಡಿದ್ದು 27 ಇಂಚಿನ, 1440 ಸಾಲಿನ, 165 ಹರ್ಟ್ಸ್ ಐಪಿಎಸ್. ಓಎಲ್‌ಇಡಿ ಆಸೆ ಇತ್ತು. ಆದರೆ ದಿನಕ್ಕೆ ಎಂಟು ಗಂಟೆ ಅದೇ ಕೋಡು, ಅದೇ ಮೆನು ಪಟ್ಟಿ ತೆರೆದಿಡೋ ನನ್ನಂಥವನಿಗೆ ಅಚ್ಚಿನ ಭಯ. ಬೆಲೆಯೂ ಹಾಗೇ ಇತ್ತು ಅನ್ನಿ. ಆಟದಲ್ಲಿ ಮೊದಲಿಗಿಂತ ಏನೂ ಕಳ್ಕೊಂಡ ಹಾಗೆ ಅನ್ನಿಸಿಲ್ಲ. ಸಹೋದ್ಯೋಗಿಯಿಂದ ಬಣ್ಣ ಅಳೆಯೋ ಪುಟ್ಟ ಯಂತ್ರ ಕಡ ತಂದು, ಪರದೆಯನ್ನ ಎಸ್‌ಆರ್‌ಜಿಬಿ ಕಟ್ಟಳೆಗೆ ಹೊಂದಿಸಿದೆ. ಮೊದಲೇ ಇದ್ದ ವಿಪರೀತ ಬೆಳಕನ್ನ ಇಳಿಸಿದೆ. ನೀವೂ ಮಾನಿಟರ್ ತಗೊಳ್ಳೋರಾದರೆ ಹರ್ಟ್ಸ್ ನೋಡೋಕೆ ಮೊದಲು ಪ್ಯಾನೆಲ್ ಜಾತಿ ಕೇಳಿ. ಅಂಗಡಿಯಲ್ಲಿ ಎದ್ದು ನಿಂತು, ಬಗ್ಗಿ, ಪರಿಚಯದ ಒಂದು ಮುಖ ತೆರೆದು ನೋಡಿ.

ಆಮೇಲೆ ಅಜ್ಜಿಯ ಫೋಟೋ ಮತ್ತೆ ತೆರೆದೆ. ಎರಡು ರಾತ್ರಿಯ ಕೆಲಸವನ್ನೆಲ್ಲ ತೆಗೆದುಹಾಕಿ ಮೂಲ ಫೋಟೋ ನೋಡಿದರೆ, ಮುಖದಲ್ಲಿ ಸರಿ ಮಾಡೋಕೆ ಏನೂ ಇರಲೇ ಇಲ್ಲ. ಸಂಜೆ ಬಿಸಿಲು, ಅಜ್ಜಿಯ ಮಾಮೂಲಿ ಬಣ್ಣ, ಕೆನ್ನೆಯ ಮೇಲಿನ ಮಚ್ಚೆ ಕೂಡಾ ಸ್ಪಷ್ಟ. ಅಂಚು ಕತ್ತರಿಸಿ ಹಾಗೇ ಕಳಿಸಿದೆ.

ಹತ್ತು ದಿನ ಬಿಟ್ಟು ಅಪ್ಪನ ಮೆಸೇಜು ಬಂತು. "ಫೋಟೋ ಬಂತು. ನಡುಮನೆ ಗೋಡೆಗೆ ಹಾಕಿದ್ವಿ. ಹಳೇದನ್ನ ನಿಮ್ಮಮ್ಮ ತೆಗೆಸಿದಳು."