ಫೋರ್ಜ್ಡ್ ಐರನ್ ನಿಜಕ್ಕೂ ‘ಮೃದು’ವೇ? ಗಾಲ್ಫ್ ಕ್ಲಬ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಗಾಲ್ಫ್ ಆಡುವವರ ಬಾಯಲ್ಲಿ ಎರಡು ಮಾತು ಸದಾ ಓಡಾಡುತ್ತಿರುತ್ತವೆ. ಒಂದು, ಫೋರ್ಜ್ಡ್ ಐರನ್‌ನಿಂದ ಚೆಂಡು ಹೊಡೆದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಇನ್ನೊಂದು, ಅಂಥ ಕ್ಲಬ್ ವೃತ್ತಿಪರರಿಗೆ ಮಾತ್ರ, ಹೊಸಬರು ಮುಟ್ಟಲೇಬಾರದು. ಎರಡರಲ್ಲೂ ಅರ್ಧ ಸತ್ಯವಿದೆ. ಹೊಸ ಸೆಟ್ ಒಂದರ ಬೆಲೆ ಲಕ್ಷ ರೂಪಾಯಿ ದಾಟುವುದುಂಟು. ಹಾಗಾಗಿ ಉಳಿದರ್ಧ ಏನೆಂದು ನೋಡಿಕೊಂಡೇ ಕೈಚೀಲ ಬಿಚ್ಚುವುದು ಒಳ್ಳೆಯದು.

ಆಟ ಗೊತ್ತಿಲ್ಲದವರಿಗೆ ಒಂದು ಸಾಲು: ಐರನ್ ಎಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್. ಅದರ ಸಂಖ್ಯೆ ಹೆಚ್ಚಿದಂತೆ ಮುಖದ ಓರೆ, ಅಂದರೆ ಲಾಫ್ಟ್, ಹೆಚ್ಚುತ್ತದೆ, ಕೋಲು ಗಿಡ್ಡವಾಗುತ್ತದೆ, ಚೆಂಡು ಎತ್ತರಕ್ಕೆ ಹಾರಿ ಹತ್ತಿರ ಬೀಳುತ್ತದೆ.

ಬಡಿದದ್ದು ಮತ್ತು ಎರೆದದ್ದು

ಫೋರ್ಜಿಂಗ್ ಎಂದರೆ ನಮ್ಮ ಕಮ್ಮಾರರ ಕೆಲಸವೇ, ಯಂತ್ರದ ಗಾತ್ರದಲ್ಲಿ. ಇಂಗಾಲದ ಅಂಶ ಕಡಿಮೆಯಿರುವ ಉಕ್ಕಿನ ಸರಳನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚುಗಳ ನಡುವೆ ಇಟ್ಟು ಭಾರಿ ಸುತ್ತಿಗೆಯಿಂದ ಬಡಿದು ಆಕಾರ ಕೊಡುತ್ತಾರೆ. ಆಮೇಲೆ ಉಜ್ಜಿ, ಕ್ರೋಮ್ ಲೇಪಿಸುತ್ತಾರೆ. 1020, 1025, ಎಸ್‌25ಸಿ ಎಂದೆಲ್ಲ ಜಾಹೀರಾತುಗಳಲ್ಲಿ ಕಾಣುವ ಹೆಸರುಗಳು ಈ ಉಕ್ಕಿನ ದರ್ಜೆಗಳು. 1025 ಎಂದರೆ ಸುಮಾರು ಶೇ. 0.25ರಷ್ಟು ಇಂಗಾಲ. 1020ಕ್ಕೂ 1025ಕ್ಕೂ ಇರುವ ವ್ಯತ್ಯಾಸ ಕೈಗೆ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಎರಕದ್ದು ಬೇರೆ ದಾರಿ. ಮೇಣದ ಮಾದರಿ ಮಾಡಿ, ಅದರ ಸುತ್ತ ಸೆರಾಮಿಕ್ ಕವಚ ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಕರಗಿದ ಉಕ್ಕನ್ನು ಸುರಿಯುತ್ತಾರೆ. ಪಂಚಲೋಹದ ವಿಗ್ರಹ ಎರೆಯುವ ವಿಧಾನದ ತತ್ವವೂ ಇದೇ. ಈ ವಿಧಾನದಲ್ಲಿ ಎಂಥ ಸಂಕೀರ್ಣ ಆಕಾರವನ್ನಾದರೂ ತೆಗೆಯಬಹುದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ ‘ಪಿಂಗ್’ ಸಂಸ್ಥೆ ಕಟ್ಟಿದ್ದು ಇದರ ಬಲದಿಂದಲೇ. ತಲೆಯ ನಡುಭಾಗದ ಲೋಹವನ್ನು ತೆಗೆದು ಅಂಚುಗಳಿಗೆ ಸರಿಸುವುದು ಅವರ ಉಪಾಯ. 1982ರಲ್ಲಿ ಬಂದ ‘ಪಿಂಗ್ ಐ2’ ಐರನ್ ಈ ಉಪಾಯವನ್ನು ಮನೆಮಾತಾಗಿಸಿತು.

ಎರೆದ ಕ್ಲಬ್ ಕ್ಷಮಿಸುತ್ತದೆ, ಬಡಿದ ಕ್ಲಬ್ ಕ್ಷಮಿಸುವುದಿಲ್ಲ ಎಂಬ ನಂಬಿಕೆ ಬೆಳೆದದ್ದು ಆ ಕಾಲದಲ್ಲಿ. ಆಗಿನ ಫೋರ್ಜ್ಡ್ ಕ್ಲಬ್‌ಗಳೆಲ್ಲ ಹೆಚ್ಚುಕಡಿಮೆ ತೆಳು ‘ಬ್ಲೇಡ್’ಗಳೇ ಆಗಿದ್ದವು. ಈಗ ಹಾಗಿಲ್ಲ. ಹಿಂಬದಿ ಕೊರೆದ ಫೋರ್ಜ್ಡ್ ಐರನ್‌ಗಳಿವೆ, ಟೊಳ್ಳು ಒಡಲಿನವೂ ಇವೆ. 2017ರ ಟೇಲರ್‌ಮೇಡ್ ಪಿ790 ಒಳಗೆ ಫೋಮ್ ತುಂಬಿಕೊಂಡೇ ಬಂತು. ಜೊತೆಗೆ ಒಂದು ಎಚ್ಚರಿಕೆ: ಮುಖದ ತಗಡನ್ನು ಮಾತ್ರ ಬಡಿದು ಉಳಿದದ್ದನ್ನು ಎರೆದ ಕ್ಲಬ್ ಮೇಲೂ ‘ಫೋರ್ಜ್ಡ್’ ಎಂಬ ಮುದ್ರೆ ಇರಬಹುದು. ಪೂರ್ತಿ ತಲೆ ಫೋರ್ಜ್ ಆಗಿದೆಯೇ ಎಂದು ಅಂಗಡಿಯವರನ್ನು ಕೇಳಿ.

‘ಫೀಲ್’ ಬರುವುದು ಕೈಯಿಂದಲೋ ಕಿವಿಯಿಂದಲೋ?

ಮೃದು ಉಕ್ಕು ಚೆಂಡನ್ನು ಮೆತ್ತಗೆ ಹಿಡಿದು ಬಿಡುತ್ತದೆ ಎಂಬ ವಿವರಣೆ ಕೇಳಲು ಚೆನ್ನಾಗಿದೆ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ‘ಮೃದು ಉಕ್ಕು’ ಎಂದರೆ ಗೀರು, ಗುಳಿ ಬೇಗ ಬೀಳುವ ಉಕ್ಕು. ಸ್ಪ್ರಿಂಗ್‌ನಂತೆ ಬಾಗಿ ಮರಳುವ ಗುಣದ ವಿಷಯಕ್ಕೆ ಬಂದರೆ ಕಾರ್ಬನ್ ಉಕ್ಕಿಗೂ ಸ್ಟೇನ್‌ಲೆಸ್ ಉಕ್ಕಿಗೂ ಹೆಚ್ಚು ಅಂತರವಿಲ್ಲ. ಎರಡರ ಸ್ಥಿತಿಸ್ಥಾಪಕ ಗುಣಾಂಕವೂ ಸುಮಾರು 200 ಗಿಗಾಪಾಸ್ಕಲ್. ಹೊಡೆತದಲ್ಲಿ ಅಪ್ಪಚ್ಚಿಯಾಗುವುದು ಚೆಂಡು, ಉಕ್ಕಲ್ಲ.

ಇನ್ನು ಸಮಯದ ಲೆಕ್ಕ. ಚೆಂಡು ಕ್ಲಬ್ಬಿಗೆ ತಾಗಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಕೈಯಿಂದ ಹೊರಟ ನರಸಂಕೇತ ಮಿದುಳಿಗೆ ತಲುಪಲು ಸುಮಾರು 20 ಮಿಲಿಸೆಕೆಂಡ್ ಬೇಕು. ಚೆಂಡಿನ ವೇಗ ಸೆಕೆಂಡಿಗೆ 45 ಮೀಟರ್ ಇದ್ದರೆ, ನಿಮಗೆ ಏನಾದರೂ ‘ತಿಳಿಯುವ’ ಹೊತ್ತಿಗೆ ಅದು ಮುಕ್ಕಾಲು ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಅಂದರೆ ಫೀಲ್‌ನಿಂದ ಆ ಹೊಡೆತವನ್ನು ತಿದ್ದಲು ಸಾಧ್ಯವಿಲ್ಲ. ಅದು ಮುಗಿದ ಹೊಡೆತದ ವರದಿ ಅಷ್ಟೇ.

ಈ ವರದಿಯಲ್ಲಿ ಶಬ್ದದ ಪಾಲು ದೊಡ್ಡದು. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಗಾರರು ಹೇಳುವ ‘ಫೀಲ್’ಗೂ ಹೊಡೆತದ ಶಬ್ದಕ್ಕೂ ಗಟ್ಟಿ ಸಂಬಂಧ ಕಂಡಿತ್ತು. ಶಬ್ದ ಹೇಗಿರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಲೆಯ ಆಕಾರ, ಹೊಡೆತ ಬೀಳುವ ಜಾಗದ ಹಿಂದಿರುವ ಲೋಹದ ದಪ್ಪ. ಹಿಂದೆ ದಪ್ಪ ಲೋಹವಿದ್ದರೆ ‘ಥಡ್’ ಎಂಬ ಗಿಡ್ಡ ಸದ್ದು, ತೆಳು ತಗಡಿದ್ದರೆ ‘ಟಣ್’. ಟೊಳ್ಳಿನಲ್ಲಿ ಫೋಮ್ ತುಂಬುವುದರ ಒಂದು ಕಾರಣವೂ ಇದೇ. ಅಂಗಡಿಯಲ್ಲಿ ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡು ಎರಡು ಬಗೆಯ ಕ್ಲಬ್ಬಿನಿಂದ ಹತ್ತು ಹತ್ತು ಹೊಡೆದು ನೋಡಿ. ಮೃದು, ಗಡಸು ಎಂಬ ಭೇದ ಎಷ್ಟು ಉಳಿಯಿತೆಂದು ನಿಮಗೇ ಗೊತ್ತಾಗುತ್ತದೆ.

ಹಾಗೆಂದು ಫೀಲ್ ಬರಿಯ ಭ್ರಮೆ ಎನ್ನಲಾಗದು. ಚೆಂಡು ಮುಖದ ಯಾವ ಭಾಗಕ್ಕೆ ತಗುಲಿತು ಎಂಬ ಸ್ಪಷ್ಟ ಸುದ್ದಿ ಸಿಕ್ಕರೆ ಅಭ್ಯಾಸ ಚುರುಕಾಗುತ್ತದೆ. ಆ ಸುದ್ದಿಗಾಗಿ ಎಷ್ಟು ಬೆಲೆ ತೆರುವಿರಿ ಎಂಬುದೇ ಪ್ರಶ್ನೆ.

ಕ್ಷಮಾಗುಣದ ಲೆಕ್ಕ

ಚೆಂಡು ನಡುವಿಗೆ ಬೀಳದೆ ತುದಿಯ ಕಡೆ ಬಿದ್ದರೆ ಕ್ಲಬ್ಬಿನ ತಲೆ ತಿರುಚಿಕೊಳ್ಳುತ್ತದೆ. ಆಗ ದಿಕ್ಕು, ದೂರ ಎರಡೂ ಕೆಡುತ್ತವೆ. ಈ ತಿರುಚುವಿಕೆಗೆ ತಲೆ ಒಡ್ಡುವ ಪ್ರತಿರೋಧವೇ ಮೊಮೆಂಟ್ ಆಫ್ ಇನರ್ಷಿಯಾ. ತೂಕವನ್ನು ದೂರದ ವರ್ಗದಿಂದ ಗುಣಿಸಿ ಅದನ್ನು ಲೆಕ್ಕ ಹಾಕುತ್ತಾರೆ. 20 ಗ್ರಾಂ ಲೋಹ ಕೇಂದ್ರದಿಂದ 1 ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಕೊಡುಗೆ 20. ಅದನ್ನೇ 3 ಸೆಂಟಿಮೀಟರ್ ದೂರಕ್ಕೆ ಸರಿಸಿದರೆ 180. ತೂಕ ಅಷ್ಟೇ, ಪ್ರತಿರೋಧ ಒಂಬತ್ತು ಪಟ್ಟು. ಬಡಿದರೋ ಎರೆದರೋ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ.

ಇದರ ಜೊತೆಗೆ ತಳದ ಅಗಲ ನೋಡಬೇಕು. ಅಗಲ ತಳ ನೆಲದಲ್ಲಿ ಹೂತುಕೊಳ್ಳುವುದು ಕಡಿಮೆ. ಚೆಂಡಿನ ಹಿಂದೆ ಮಣ್ಣು ಕೆತ್ತುವ ಅಭ್ಯಾಸವಿದ್ದವರಿಗೆ ಎಂಒಐಗಿಂತ ಇದೇ ಹೆಚ್ಚು ಉಪಕಾರಿ. ಎಲ್ಲ ಸಂಖ್ಯೆಗಳಿಗೂ ಒಂದೇ ಮಾದರಿ ಇರಬೇಕೆಂಬ ನಿಯಮವೂ ಇಲ್ಲ. ನಡುವಿಗೆ ಹೊಡೆಯುವುದು ಕಷ್ಟವಾದ 4, 5, 6ಕ್ಕೆ ಹಿಂಬದಿ ಕೊರೆದ ಅಥವಾ ಟೊಳ್ಳು ತಲೆ, 9 ಮತ್ತು ಪಿಚಿಂಗ್ ವೆಜ್‌ಗೆ ಗಟ್ಟಿ ತಲೆ ಎಂದು ಬೆರೆಸಿ ಕೊಳ್ಳುವುದು ವೃತ್ತಿಪರರಲ್ಲೂ ಇದೆ. ಫೀಲ್ ಮತ್ತು ಕ್ಷಮೆ ಎರಡೂ ಬೇಕೆನ್ನುವವರಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಬೆರೆಸುವಾಗ ಎರಡು ಮಾದರಿ ಸೇರುವ ಕಡೆ ಲಾಫ್ಟ್‌ನ ಅಂತರ 4–5 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ದೂರದಲ್ಲಿ ದೊಡ್ಡ ಬಿರುಕು ಉಳಿಯುತ್ತದೆ.

ಫಿಟ್ಟಿಂಗ್: ಫೋರ್ಜ್ಡ್ ನಿಜಕ್ಕೂ ಗೆಲ್ಲುವುದು ಇಲ್ಲಿ

ಕ್ಲಬ್ ನೆಲಕ್ಕೆ ತಾಗಿದಾಗ ಕೋಲು ಮತ್ತು ನೆಲದ ನಡುವಿನ ಕೋನಕ್ಕೆ ಲೈ ಆಂಗಲ್ ಎನ್ನುತ್ತಾರೆ. 7 ಐರನ್‌ನಲ್ಲಿ ಅದು ಸುಮಾರು 62 ಡಿಗ್ರಿ. ಬಲಗೈ ಆಟಗಾರನ ಕ್ಲಬ್ಬಿನ ತುದಿ ಮೇಲೆದ್ದರೆ ಚೆಂಡು ಎಡಕ್ಕೆ, ಹಿಮ್ಮಡಿಯ ಭಾಗ ಮೇಲೆದ್ದರೆ ಬಲಕ್ಕೆ ಹೋಗುತ್ತದೆ. 33 ಡಿಗ್ರಿ ಲಾಫ್ಟ್‌ನ 7 ಐರನ್‌ನಲ್ಲಿ ಲೈ 2 ಡಿಗ್ರಿ ತಪ್ಪಿದ್ದರೆ ಮುಖದ ದಿಕ್ಕು ಸುಮಾರು 1.3 ಡಿಗ್ರಿ ಓರೆಯಾಗುತ್ತದೆ. 150 ಮೀಟರ್ ದೂರದಲ್ಲಿ ಅದು ಮೂರು ಮೀಟರಿಗೂ ಹೆಚ್ಚಿನ ತಪ್ಪು, ನಿಮ್ಮ ಹೊಡೆತ ಎಷ್ಟೇ ಚೆನ್ನಾಗಿದ್ದರೂ. ಲಾಫ್ಟ್ ಹೆಚ್ಚಿದಷ್ಟೂ ಓರೆಯೂ ಹೆಚ್ಚುತ್ತದೆ. ಮೃದು ಕಾರ್ಬನ್ ಉಕ್ಕನ್ನು ಬೆಂಡಿಂಗ್ ಯಂತ್ರದಲ್ಲಿ ಎರಡು ಮೂರು ಡಿಗ್ರಿ ಸಲೀಸಾಗಿ ಬಾಗಿಸಬಹುದು. ಗಡಸು ಸ್ಟೇನ್‌ಲೆಸ್ ಎರಕವನ್ನು ಅಷ್ಟು ಬಾಗಿಸುವುದು ಕಷ್ಟ, ಮುರಿಯುವ ಭಯವೂ ಇದೆ.

ಎತ್ತರ ಕೇಳಿ ಲೈ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ. ಒಂದೇ ಎತ್ತರದ ಇಬ್ಬರ ಕೈಯುದ್ದ, ಬಾಗಿ ನಿಲ್ಲುವ ರೀತಿ ಬೇರೆ ಇರುತ್ತವೆ. ಸುಲಭ ಪರೀಕ್ಷೆಯೊಂದಿದೆ. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆ ಮುಖ ಮಾಡುವಂತೆ ಇಟ್ಟು ಹೊಡೆಯಿರಿ. ಕ್ಲಬ್ಬಿನ ಮುಖದ ಮೇಲೆ ಮೂಡಿದ ಗೆರೆ ಅಲ್ಲಿನ ಅಡ್ಡ ಗೀರುಗಳಿಗೆ ಲಂಬವಾಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಕ್ಲಬ್ಬಿನ ತುದಿಯ ಕಡೆ ವಾಲಿದ್ದರೆ ಲೈ ಹೆಚ್ಚು ನೆಟ್ಟಗಿದೆ, ಹಿಮ್ಮಡಿಯ ಕಡೆ ವಾಲಿದ್ದರೆ ಹೆಚ್ಚು ಮಲಗಿದೆ. ಅದೇ ಗುರುತು ಹೊಡೆತ ಎಲ್ಲಿ ಬೀಳುತ್ತಿದೆ ಎಂದೂ ಹೇಳುತ್ತದೆ. ಹತ್ತರಲ್ಲಿ ಏಳು ಗುರುತು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸೇರಿದ್ದರೆ ತೆಳು ತಲೆಯ ಕ್ಲಬ್ ಬಗ್ಗೆ ಯೋಚಿಸಬಹುದು. ಮುಖದ ತುಂಬ ಹರಡಿದ್ದರೆ ಸದ್ಯಕ್ಕೆ ಬೇಡ.

ಕ್ಲಬ್‌ಗಳನ್ನು ಹೋಲಿಸುವಾಗ ಶಾಫ್ಟ್ ಒಂದೇ ಇರಲಿ. ಸ್ಟೀಲ್ ಶಾಫ್ಟ್ 130 ಗ್ರಾಂ ತನಕ ತೂಗಬಹುದು, ಗ್ರಾಫೈಟ್ 60 ಗ್ರಾಂಗೂ ಸಿಗುತ್ತದೆ. ತಲೆಯ ಗುಣವೆಂದು ನೀವು ಭಾವಿಸಿದ್ದು ಎಷ್ಟೋ ಸಲ ಶಾಫ್ಟ್‌ನದೇ ಆಗಿರುತ್ತದೆ. ಲಾಫ್ಟ್ ಕೂಡ ಕೇಳಿ ತಿಳಿಯಿರಿ. ಒಂದು ಕಂಪನಿಯ 7 ಐರನ್ 34 ಡಿಗ್ರಿ, ಇನ್ನೊಂದರದು 29 ಡಿಗ್ರಿ. ಎರಡನೆಯದು ಹತ್ತು ಮೀಟರ್ ಹೆಚ್ಚು ಹೋಯಿತೆಂದು ಬೀಗುವ ಅಗತ್ಯವಿಲ್ಲ, ಅದು ಹೆಸರು ಬದಲಿಸಿದ 6 ಐರನ್. ಪರದೆಯ ಮೇಲೆ ಅತಿ ದೂರ ಹೋದ ಒಂದು ಹೊಡೆತವನ್ನು ಬಿಟ್ಟು, ಹತ್ತೂ ಹೊಡೆತಗಳು ಎಷ್ಟು ಅಗಲಕ್ಕೆ ಹರಡಿವೆ, ಚೆಂಡು ಎಷ್ಟು ಕಡಿದಾಗಿ ಇಳಿಯುತ್ತಿದೆ ಎಂದು ನೋಡಿ. ಇಳಿಯುವ ಕೋನ 45 ಡಿಗ್ರಿಗಿಂತ ಬಹಳ ಕಡಿಮೆಯಾದರೆ ಚೆಂಡು ಗ್ರೀನ್ ಮೇಲೆ ನಿಲ್ಲುವುದು ಕಷ್ಟ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಇಲ್ಲಿ ಗಾಳಿ ತೆಳು, ಚೆಂಡು ಸುಮಾರು ಶೇ. 3ರಷ್ಟು ಹೆಚ್ಚು ಹಾರುತ್ತದೆ. ಫಿಟ್ಟಿಂಗ್ ಕೋಣೆಯ ಯಂತ್ರವನ್ನು ಸಮುದ್ರಮಟ್ಟಕ್ಕೆ ಹೊಂದಿಸಿದ್ದರೆ ಅದು ತೋರಿಸುವ ದೂರಕ್ಕೂ ಮೈದಾನದ ದೂರಕ್ಕೂ ನಾಲ್ಕೈದು ಮೀಟರ್ ವ್ಯತ್ಯಾಸ ಬರುತ್ತದೆ.

ಕೊನೆಯದಾಗಿ, ಸಲೀಸಾಗಿ ಬಾಗುವ ಉಕ್ಕು ತಾನಾಗಿಯೂ ಬಾಗುತ್ತದೆ. ರೇಂಜ್‌ನ ಗಟ್ಟಿ ಮ್ಯಾಟ್ ಮೇಲೆ ವಾರಕ್ಕೆ ನೂರಾರು ಚೆಂಡು ಹೊಡೆಯುವವರ ಫೋರ್ಜ್ಡ್ ಕ್ಲಬ್ಬಿನ ಲಾಫ್ಟ್, ಲೈ ನಿಧಾನವಾಗಿ ಸರಿಯುತ್ತವೆ. ವರ್ಷಕ್ಕೊಮ್ಮೆ ಅಳೆಸಿ. ಸೆಕೆಂಡ್‌ಹ್ಯಾಂಡ್ ಸೆಟ್ ಕೊಳ್ಳುವುದಾದರೆ ಹಣ ಕೊಡುವ ಮೊದಲೇ ಅಳೆಸಿಕೊಳ್ಳಿ. ಹಿಂದಿನ ಮಾಲೀಕ ತನ್ನ ಮೈಗೆ ತಕ್ಕಂತೆ ಬಾಗಿಸಿಕೊಂಡಿರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ.