ತಕ್ಕೋಲದ ಕಾಳಗವೂ ಆತಕೂರಿನ ಕಲ್ಲೂ

ರಾಷ್ಟ್ರವೊಂದು ತನ್ನ ಪೂರ್ವಕಥೆಯನ್ನು ಹೇಗೆ ನೆನೆದು ಹೇಗೆ ಹೇಳಿಕೊಳ್ಳುತ್ತದೆಂಬುದನ್ನು ತಿಳಿಯಲು ನಾವು ದೊಡ್ಡ ಗ್ರಂಥಗಳನ್ನೇ ಅರಸಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದೇ ಸಾಕು.

ಕ್ರಿ. ಶ. 949ರ ಸುಮಾರಿಗೆ, ಇಂದಿನ ತಮಿಳುನಾಡಿಗೆ ಸೇರಿದ ತಕ್ಕೋಲದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರವಾದ ಕಾಳಗವಾಯಿತು. ಚೋಳ ರಾಜಕುಮಾರನಾದ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಇಷ್ಟರಲ್ಲಿ ಉಭಯ ಪಕ್ಷಗಳಿಗೂ ವಿವಾದವಿಲ್ಲ. ಮುಂದಿನ ಮಾತೇ ಬೇರೆ. ಲೈಡನ್ ತಾಮ್ರಶಾಸನವೆಂದು ಪ್ರಸಿದ್ಧವಾದ ಚೋಳಶಾಸನದಂತೆ, ಆತನು ಕೃಷ್ಣನನ್ನೂ ಅವನ ಸೇನೆಯನ್ನೂ ಕದಲಿಸಿ, ಶತ್ರುಬಾಣಗಳು ಎದೆಗೆ ನಾಟಲು, ವಿಮಾನವನ್ನೇರಿ ವೀರಸ್ವರ್ಗಕ್ಕೆ ತೆರಳಿದನು. ಸೋಲು ಅಲ್ಲಿ ಸ್ವರ್ಗಾರೋಹಣವಾಗಿದೆ. ಆತಕೂರಿನ ಕಲ್ಲಾದರೋ, ಗಂಗರ ಬೂತುಗನು ಅಂಬಾರಿಯನ್ನೇ ರಣರಂಗವನ್ನಾಗಿ ಮಾಡಿಕೊಂಡು ಸುರಗಿಯಿಂದ ಇರಿದು ಕೊಂದನೆಂದೂ, ಮೆಚ್ಚಿದ ಕೃಷ್ಣನು ಬನವಾಸಿ 12000 ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟನೆಂದೂ ಹೇಳುತ್ತದೆ.

ಬಾಣವೋ ಸುರಗಿಯೋ? ಎರಡೂ ಶಾಸನಗಳು ತಮ್ಮ ತಮ್ಮ ಒಡೆಯರ ಮಾನವನ್ನು ಕಾಯುತ್ತಿವೆ. ಅಂದು ಇದಿರಾಗಿ ನಿಂತ ಎರಡು ನಾಡುಗಳ ಮಕ್ಕಳೂ ಇಂದು ಒಂದೇ ರಾಷ್ಟ್ರದ ಪ್ರಜೆಗಳು. ಕನ್ನಡದ ಬಾಲಕನಿಗೆ ಸುರಗಿಯನ್ನೂ ತಮಿಳು ಬಾಲಕನಿಗೆ ವಿಮಾನವನ್ನೂ ಮಾತ್ರ ತೋರಿಸಿ ಸುಮ್ಮನಾಗುವುದು ಸುಲಭ. ಅದು ಇತಿಹಾಸವಲ್ಲ, ವಂದಿಮಾಗಧರ ಕೆಲಸ. ಎರಡನ್ನೂ ಒಂದೇ ಪುಟದಲ್ಲಿ ಓದಿಸಬೇಕೆಂಬುದು ನಮ್ಮ ಅಭಿಪ್ರಾಯ.

ಓದುವುದೂ ಸುಲಭವಲ್ಲವೆನ್ನಿ. ವಿದ್ವಾಂಸರಾದ ಫ್ಲೀಟ್ ಮಹಾಶಯರೇ ಅಂಬಾರಿಯ ಮಾತನ್ನು ಮೊದಲು ಬೇರೆ ಬಗೆಯಾಗಿ ಅರ್ಥಮಾಡಿ, ಬೂತುಗನು ಕಪಟದಿಂದ ಕೊಂದನೆಂದು ಬರೆದರು. ತರುವಾಯ ತಾವೇ ತಿದ್ದಿಕೊಂಡರು. ಈ ನಡುವೆ ಬೂತುಗನು ಮಾಡದ ದ್ರೋಹವನ್ನು ಹೊತ್ತಿದ್ದನು.

ಇಷ್ಟಾಗಿಯೂ ಆ ಕಲ್ಲನ್ನು ನಿಲ್ಲಿಸಿದುದು ಈ ಮಹಾಯುದ್ಧಕ್ಕಾಗಿ ಅಲ್ಲ, ಒಂದು ನಾಯಿಗಾಗಿ! ಬೂತುಗನ ಭಟನಾದ ಮಣಲೆರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಅದು ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಚಕ್ರವರ್ತಿಯ ಕಥೆ ಅಕ್ಷರಗಳಲ್ಲಿದೆ. ಚಿತ್ರದಲ್ಲಿ ಕಂಡರಿಸಿರುವುದು ನಾಯಿಯನ್ನೂ ಹಂದಿಯನ್ನೂ. ಅಕ್ಷರವರಿಯದ ಹಳ್ಳಿಗರು ಈ ಕಲ್ಲಿನಲ್ಲಿ ಯಾರ ಚರಿತ್ರೆಯನ್ನು ಕಂಡಿರಬೇಕೆಂಬುದನ್ನು ಶ್ರೋತೃಗಳೇ ಊಹಿಸಬಹುದು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದಕ್ಕೆ ಭೂಮಿಯನ್ನು ಬಿಟ್ಟು, ಅದನ್ನು ಪೂಜಿಸದೆ ಗೊರವನು ಊಟಮಾಡಕೂಡದೆಂದು ಕಟ್ಟಳೆ ಮಾಡಿದರು.